ವಾಣಿಜ್ಯ ಒಪ್ಪಂದಗಳಡಿ ಆಮದು-ರಫ್ತು ಕೋಟಾ: ಸಾರ್ವಜನಿಕರು ಅಭಿಪ್ರಾಯ ಸಲ್ಲಿಸುವ ಕುರಿತು ಮಾಹಿತಿ
(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ರೈತರು, ಗಿರಣಿ ಮಾಲೀಕರು ಹಾಗೂ ವರ್ತಕರ ಉಪಯೋಗಕ್ಕಾಗಿ)

1. ಪೀಠಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಜಿಲ್ಲೆಯಲ್ಲಿ ಭತ್ತ, ಹತ್ತಿ ಮತ್ತು ತೊಗರಿ ಪ್ರಮುಖ ಬೆಳೆಗಳಾಗಿವೆ. ಮಾನ್ವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೂ, ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯಿಂದಲೂ ನೀರಾವರಿ ಸೌಲಭ್ಯ ದೊರೆಯುತ್ತದೆ. ಈ ಭಾಗದ ಹತ್ತಿ ಮತ್ತು ಭತ್ತವು ರಾಯಚೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣಕ್ಕೂ, ಅಲ್ಲಿಂದ ಜಿನ್ನಿಂಗ್ ಮಿಲ್ಲುಗಳಿಗೂ ಅಕ್ಕಿ ಗಿರಣಿಗಳಿಗೂ ಹೋಗುತ್ತದೆ.

ಪ್ರಾಂಗಣದಲ್ಲಿ ದೊರೆಯುವ ಧಾರಣೆಯು ಮಳೆ, ಕಾಲುವೆಯ ನೀರು ಮತ್ತು ಆವಕವನ್ನು ಮಾತ್ರ ಅವಲಂಬಿಸಿರುವುದಿಲ್ಲ. ಯಾವ ಸರಕನ್ನು ಎಷ್ಟು ಪ್ರಮಾಣದಲ್ಲಿ, ಯಾವ ಅವಧಿಯಲ್ಲಿ, ಎಷ್ಟು ಸುಂಕದೊಂದಿಗೆ ದೇಶದೊಳಗೆ ತರಬಹುದು ಅಥವಾ ಹೊರಗೆ ಕಳುಹಿಸಬಹುದು ಎಂಬ ಕೇಂದ್ರ ಸರ್ಕಾರದ ಆದೇಶಗಳನ್ನೂ ಅದು ಅವಲಂಬಿಸಿರುತ್ತದೆ. ಇಂತಹ ಆದೇಶಗಳ ಬಗ್ಗೆ ಅಭಿಪ್ರಾಯ ತಿಳಿಸುವ ಅವಕಾಶ ಎಲ್ಲ ನಾಗರಿಕರಿಗೂ ಇದೆ. ಆದರೆ ಬಹುತೇಕ ಮನವಿಗಳು ಅಧಿಸೂಚನೆ ಹೊರಟ ನಂತರ ಸಲ್ಲಿಕೆಯಾಗುತ್ತವೆ. ಅಷ್ಟರಲ್ಲಿ ಆದೇಶವು ಜಾರಿಗೆ ಬಂದಿರುತ್ತದೆ. ಆದುದರಿಂದ ಮನವಿಯನ್ನು ಯಾರಿಗೆ, ಯಾವಾಗ ಮತ್ತು ಯಾವ ಅಂಕಿ-ಅಂಶಗಳೊಂದಿಗೆ ಸಲ್ಲಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಕೋಟಾ ಎಂದರೇನು

ನಿರ್ದಿಷ್ಟ ಸರಕಿಗೆ, ನಿರ್ದಿಷ್ಟ ಅವಧಿಗೆ ಸರ್ಕಾರವು ಗೊತ್ತುಪಡಿಸಿದ ಪ್ರಮಾಣಕ್ಕೆ ಕೋಟಾ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಅ) ಸುಂಕ ರಿಯಾಯಿತಿ ಕೋಟಾ: ನಿಗದಿತ ಪ್ರಮಾಣದವರೆಗೆ ಕಡಿಮೆ ಸುಂಕ ಅಥವಾ ಶೂನ್ಯ ಸುಂಕದಲ್ಲಿ ಆಮದು ಮಾಡಿಕೊಳ್ಳಬಹುದು. ಅದನ್ನು ಮೀರಿದ ಪ್ರಮಾಣಕ್ಕೆ ಪೂರ್ಣ ಸುಂಕ ಅನ್ವಯಿಸುತ್ತದೆ. ವಾಣಿಜ್ಯ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ಈ ಬಗೆ.

ಆ) ಆಮದು ಪ್ರಮಾಣ ನಿರ್ಬಂಧ: ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಆಮದಿಗೆ ಅವಕಾಶವೇ ಇರುವುದಿಲ್ಲ. ಭಾರತವು ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಿಗೆ ಅನುಸಾರವಾಗಿ 2000ದ ಏಪ್ರಿಲ್ 1ರಂದು 714 ಹಾಗೂ 2001ರ ಏಪ್ರಿಲ್ 1ರಂದು 715 ಸರಕುಗಳ ಮೇಲಿನ ಪ್ರಮಾಣ ನಿರ್ಬಂಧಗಳನ್ನು ತೆಗೆದುಹಾಕಿತು. ಆದರೂ ಬೇಳೆಕಾಳುಗಳಂತಹ ಕೆಲವು ಸರಕುಗಳಿಗೆ ನಂತರದ ವರ್ಷಗಳಲ್ಲಿ ನಿರ್ಬಂಧ ವಿಧಿಸಲಾಗಿತ್ತು.

ಇ) ರಫ್ತು ಕೋಟಾ: ದೇಶದೊಳಗಿನ ಲಭ್ಯತೆ ಕಾಪಾಡುವ ಸಲುವಾಗಿ ರಫ್ತನ್ನು ನಿಷೇಧಿಸಿದಾಗ ಅಥವಾ ನಿರ್ಬಂಧಿಸಿದಾಗ, ನಿರ್ದಿಷ್ಟ ಪ್ರಮಾಣಕ್ಕೆ ಅಥವಾ ನಿರ್ದಿಷ್ಟ ದೇಶಗಳಿಗೆ ಮಾತ್ರ ಅನುಮತಿ ನೀಡಲಾಗುತ್ತದೆ.

3. ನಿರ್ಧಾರ ಕೈಗೊಳ್ಳುವ ಪ್ರಾಧಿಕಾರಗಳು

ಸಂವಿಧಾನದ 7ನೇ ಅನುಸೂಚಿಯಲ್ಲಿ ಕೃಷಿಯು ರಾಜ್ಯ ಪಟ್ಟಿಯಲ್ಲಿದೆ. ವಿದೇಶಗಳೊಡನೆ ವ್ಯಾಪಾರ ಮತ್ತು ಒಪ್ಪಂದಗಳು ಕೇಂದ್ರ ಪಟ್ಟಿಯಲ್ಲಿವೆ. ಹೀಗಾಗಿ ಬೆಳೆಯು ರಾಜ್ಯದ ವಿಷಯವಾಗಿದ್ದರೂ ಅದರ ಆಮದು-ರಫ್ತು ಕೇಂದ್ರ ಸರ್ಕಾರದ ವಿಷಯವಾಗಿರುತ್ತದೆ. ಮನವಿ ಸಲ್ಲಿಸುವವರು ಈ ಕೆಳಕಂಡ ಹಂಚಿಕೆಯನ್ನು ಗಮನಿಸತಕ್ಕದ್ದು.

• ಪ್ರಮಾಣ, ನಿಷೇಧ, ನಿರ್ಬಂಧ ಮತ್ತು ಕೋಟಾ ಹಂಚಿಕೆ: ವಾಣಿಜ್ಯ ಇಲಾಖೆಯ ಅಧೀನದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ). ವಿದೇಶ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1992ರ ಅಡಿ ಅಧಿಸೂಚನೆ ಹೊರಡಿಸಲಾಗುತ್ತದೆ.
• ಆಮದು ಅಥವಾ ರಫ್ತು ಸುಂಕದ ವಿನಾಯಿತಿ: ಹಣಕಾಸು ಸಚಿವಾಲಯದ ಕಂದಾಯ ಇಲಾಖೆ. ಕಸ್ಟಮ್ಸ್ ಅಧಿನಿಯಮ, 1962ರ 25ನೇ ಪ್ರಕರಣದ ಅಡಿ ಅಧಿಸೂಚನೆ ಹೊರಡಿಸಲಾಗುತ್ತದೆ.
• ಒಪ್ಪಂದದ ಮಾತುಕತೆ: ಕೇಂದ್ರ ವಾಣಿಜ್ಯ ಇಲಾಖೆ.
• ಆಮದಿನ ಹಠಾತ್ ಏರಿಕೆಯಿಂದ ದೇಶೀಯ ಉದ್ಯಮಕ್ಕೆ ಹಾನಿಯಾದ ಬಗ್ಗೆ ದೂರು: ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ (ಡಿಜಿಟಿಆರ್).
• ಅಕ್ಕಿ ರಫ್ತಿನ ನೋಂದಣಿ ಮತ್ತು ಉತ್ತೇಜನ: ಅಪೇಡಾ ಪ್ರಾಧಿಕಾರ.

ಪ್ರಮಾಣಕ್ಕೆ ಸಂಬಂಧಿಸಿದ ಮನವಿಯನ್ನು ಹಣಕಾಸು ಸಚಿವಾಲಯಕ್ಕೆ ಮಾತ್ರ, ಅಥವಾ ಸುಂಕಕ್ಕೆ ಸಂಬಂಧಿಸಿದ ಮನವಿಯನ್ನು ಮಹಾನಿರ್ದೇಶನಾಲಯಕ್ಕೆ ಮಾತ್ರ ಕಳುಹಿಸಿದಲ್ಲಿ ಅದು ವರ್ಗಾವಣೆಯಲ್ಲಿಯೇ ಕಾಲ ಕಳೆಯುವ ಸಂಭವವಿರುತ್ತದೆ. ಸಂದೇಹವಿದ್ದಲ್ಲಿ ಎರಡೂ ಕಡೆಗೆ ಪ್ರತಿ ಕಳುಹಿಸುವುದು ಸೂಕ್ತ.

4. ಜಿಲ್ಲೆಯ ಬೆಳೆಗಳಿಗೆ ಸಂಬಂಧಿಸಿದ ಕೋಟಾಗಳು

4.1 ಅಕ್ಕಿ

ಬಾಸ್ಮತಿಯೇತರ ಅಕ್ಕಿಯ ರಫ್ತನ್ನು 2008ರ ಏಪ್ರಿಲ್‌ನಿಂದ 2011ರ ಸೆಪ್ಟೆಂಬರ್‌ವರೆಗೆ ನಿಷೇಧಿಸಲಾಗಿತ್ತು. ಈ ನಿಷೇಧದ ನಡುವೆಯೇ 2011ರ ಫೆಬ್ರವರಿಯಲ್ಲಿ ಸೋನಾ ಮಸೂರಿ, ಪೊನ್ನಿ ಸಾಂಬಾ ಮತ್ತು ಮಟ್ಟಾ ತಳಿಗಳ ಒಟ್ಟು 1.5 ಲಕ್ಷ ಟನ್ ಅಕ್ಕಿಯ ರಫ್ತಿಗೆ ಕೋಟಾ ನೀಡಲಾಯಿತು. ಸಾಮಾನ್ಯ ಅಕ್ಕಿಗಿಂತ ಹೆಚ್ಚು ಬೆಲೆಯ, ವಿದೇಶಗಳಲ್ಲಿರುವ ದಕ್ಷಿಣ ಭಾರತೀಯರು ಬಯಸುವ ತಳಿಗಳೆಂಬ ಕಾರಣಕ್ಕೆ ಇವುಗಳನ್ನು ಪ್ರತ್ಯೇಕವಾಗಿ ಪರಿಗಣಿಸಲಾಗಿತ್ತು.

2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ಪುನಃ ನಿಷೇಧಿಸಲಾಯಿತು. ಕುಸುಬಲಕ್ಕಿಯ ಮೇಲೆ ಅದೇ ವರ್ಷ ಆಗಸ್ಟ್ 25ರಂದು ಶೇ 20ರ ರಫ್ತು ಸುಂಕ ವಿಧಿಸಲಾಯಿತು. ನಿಷೇಧವು 1006 30 90 ಎಂಬ ಸಂಕೇತದ ‘ಇತರೆ’ ಅಕ್ಕಿಗೆ ಅನ್ವಯಿಸಿತು. ಸೋನಾ ಮಸೂರಿಗೆ ಪ್ರತ್ಯೇಕ ಸಂಕೇತವಿಲ್ಲದಿದ್ದುದರಿಂದ ಅದೂ ಅದರಲ್ಲಿಯೇ ಸೇರಿತು. ಆಹಾರ ಭದ್ರತೆಯ ಕಾರಣಕ್ಕೆ ಕೋರಿಕೆ ಸಲ್ಲಿಸಿದ ದೇಶಗಳಿಗೆ ಮಾತ್ರ ರಾಷ್ಟ್ರೀಯ ಸಹಕಾರಿ ರಫ್ತು ನಿಯಮಿತದ ಮೂಲಕ ಕೋಟಾ ನೀಡಲಾಯಿತು. ಉದಾಹರಣೆಗೆ, 2023ರ ಆಗಸ್ಟ್ ಅಂತ್ಯದಲ್ಲಿ ಭೂತಾನಿಗೆ 79,000 ಟನ್, ಸಿಂಗಪುರಕ್ಕೆ 50,000 ಟನ್ ಮತ್ತು ಮಾರಿಷಸ್‌ಗೆ 14,000 ಟನ್ ಅನುಮತಿಸಲಾಯಿತು. 2024ರ ಸೆಪ್ಟೆಂಬರ್ 28ರಂದು ನಿಷೇಧವನ್ನು ಹಿಂತೆಗೆದುಕೊಂಡು, ಟನ್ನಿಗೆ 490 ಡಾಲರ್ ಕನಿಷ್ಠ ರಫ್ತು ಬೆಲೆ ಗೊತ್ತುಪಡಿಸಲಾಯಿತು. ಅದನ್ನೂ ಅಕ್ಟೋಬರ್‌ನಲ್ಲಿ ತೆಗೆದುಹಾಕಲಾಯಿತು. 2025ರ ಸೆಪ್ಟೆಂಬರ್ 24ರ ಅಧಿಸೂಚನೆಯಂತೆ ಬಾಸ್ಮತಿಯೇತರ ಅಕ್ಕಿಯ ರಫ್ತು ಕರಾರುಗಳನ್ನು ಅಪೇಡಾದಲ್ಲಿ ನೋಂದಾಯಿಸುವುದನ್ನು ಕಡ್ಡಾಯಗೊಳಿಸಲಾಯಿತು.

4.2 ಹತ್ತಿ

2010ರ ಏಪ್ರಿಲ್‌ನಲ್ಲಿ ಹತ್ತಿಯ ರಫ್ತನ್ನು ತಡೆಹಿಡಿದು, ತರುವಾಯ 2010-11ರ ಹತ್ತಿ ವರ್ಷಕ್ಕೆ 55 ಲಕ್ಷ ಬೇಲುಗಳ ರಫ್ತು ಮಿತಿ ಗೊತ್ತುಪಡಿಸಲಾಯಿತು. 2012ರ ಮಾರ್ಚ್ 5ರಂದು ರಫ್ತನ್ನು ನಿಷೇಧಿಸಿ, ಬೆಳೆಗಾರ ರಾಜ್ಯಗಳ ವಿರೋಧದ ನಂತರ ಒಂದು ವಾರದಲ್ಲಿಯೇ ನಿಷೇಧವನ್ನು ಸಡಿಲಿಸಲಾಯಿತು.

ಆಮದಿಗೆ ಸಂಬಂಧಿಸಿದಂತೆ, ಭಾರತ-ಆಸ್ಟ್ರೇಲಿಯಾ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದಕ್ಕೆ 2022ರ ಏಪ್ರಿಲ್ 2ರಂದು ಸಹಿ ಹಾಕಲಾಯಿತು. ಅದು 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದಿತು. ಇದರಲ್ಲಿ ಉದ್ದ ಎಳೆಯ ಹತ್ತಿಗೆ ವರ್ಷಕ್ಕೆ 51,000 ಟನ್ನಿನ ಶೂನ್ಯ ಸುಂಕದ ಕೋಟಾ ಇದೆ. ಒಂದು ಬೇಲಿಗೆ 170 ಕಿಲೋಗ್ರಾಂನಂತೆ ಇದು 3 ಲಕ್ಷ ಬೇಲುಗಳಾಗುತ್ತವೆ.

ಕೋಟಾದ ಹೊರಗಿನ ಹತ್ತಿಗೆ 2021ರ ಫೆಬ್ರವರಿಯಲ್ಲಿ ಒಟ್ಟು ಶೇ 11ರ ಸುಂಕ ವಿಧಿಸಲಾಯಿತು: ಮೂಲ ಸುಂಕ ಶೇ 5, ಕೃಷಿ ಮೂಲಸೌಕರ್ಯ ಸೆಸ್ ಶೇ 5 ಮತ್ತು ಇವೆರಡರ ಮೇಲೆ ಶೇ 10ರ ಸಮಾಜ ಕಲ್ಯಾಣ ಅಧಿಭಾರ. 2022ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಈ ಸುಂಕಕ್ಕೆ ವಿನಾಯಿತಿ ನೀಡಲಾಗಿತ್ತು. ಪುನಃ 2025ರ ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ವಿನಾಯಿತಿ ನೀಡಿ, ಆ ಅವಧಿ ಮುಗಿಯುವ ಮೊದಲೇ ಅದನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಲಾಯಿತು. ಮೊದಲ ಆದೇಶವು ಬಿಡಿಸುವ ಕಾಲಕ್ಕೆ ಮುಂಚಿನದಾಗಿದ್ದರೆ, ವಿಸ್ತರಣೆಯು ಹೊಸ ಹತ್ತಿ ಮಾರುಕಟ್ಟೆಗೆ ಬರುವ ತಿಂಗಳುಗಳನ್ನು ಒಳಗೊಂಡಿತು. ಆ ಸಾಲಿನಲ್ಲಿ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ ಹಾಗೂ ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ ಬೆಂಬಲ ಬೆಲೆ ಘೋಷಿಸಲಾಗಿತ್ತು.

4.3 ತೊಗರಿ

2017ರ ಆಗಸ್ಟ್ 5ರಂದು ತೊಗರಿ ಆಮದನ್ನು ಆರ್ಥಿಕ ವರ್ಷಕ್ಕೆ 2 ಲಕ್ಷ ಟನ್ನಿಗೆ ಮಿತಿಗೊಳಿಸಲಾಯಿತು. ಸರ್ಕಾರಗಳ ನಡುವಣ ಒಡಂಬಡಿಕೆಯಂತೆ ಬರುವ ತೊಗರಿಗೆ ಈ ಮಿತಿ ಅನ್ವಯಿಸಲಿಲ್ಲ. ಮೊಜಾಂಬಿಕ್ ದೇಶದೊಂದಿಗೆ 2016ರಲ್ಲಿ ಇಂತಹ ಒಡಂಬಡಿಕೆಯಾಗಿತ್ತು. 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ವಾರ್ಷಿಕವಾಗಿ ಮೊಜಾಂಬಿಕ್‌ನಿಂದ 2 ಲಕ್ಷ ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್ ಹಾಗೂ ಮಲಾವಿಯಿಂದ 50,000 ಟನ್ ತೊಗರಿ ಆಮದಿಗೆ ಒಪ್ಪಲಾಗಿತ್ತು. 2021ರ ಮೇ 15ರಿಂದ ತೊಗರಿ ಆಮದನ್ನು ಮುಕ್ತಗೊಳಿಸಿ, ಆ ಅವಧಿಯನ್ನು ಹಂತ ಹಂತವಾಗಿ ವಿಸ್ತರಿಸುತ್ತ ಬರಲಾಯಿತು. 2025ರ ಜನವರಿಯಲ್ಲಿ ಅದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು.

4.4 ಸೂರ್ಯಕಾಂತಿ ಮತ್ತು ಮೆಕ್ಕೆಜೋಳ

ವಿಶ್ವ ವ್ಯಾಪಾರ ಸಂಸ್ಥೆಯ ಬದ್ಧತೆಗಳಿಗೆ ಸಂಬಂಧಿಸಿದ ಸುಂಕ ರಿಯಾಯಿತಿ ಕೋಟಾದಲ್ಲಿ ಕಚ್ಚಾ ಸೂರ್ಯಕಾಂತಿ ಅಥವಾ ಕುಸುಬೆ ಎಣ್ಣೆಗೆ 1.5 ಲಕ್ಷ ಟನ್ ಮತ್ತು ಮೆಕ್ಕೆಜೋಳಕ್ಕೆ 5 ಲಕ್ಷ ಟನ್ ಮಿತಿ ಇದೆ. 2024ರ ಜೂನ್‌ನಲ್ಲಿ ಈ ಕೋಟಾಗಳಡಿ ಆಮದಿಗೆ ಅನುಮತಿ ನೀಡಲಾಯಿತು. ಎಣ್ಣೆಯ ಆಮದು ಸುಂಕದಲ್ಲಿ ಆಗುವ ಬದಲಾವಣೆಯು ಸೂರ್ಯಕಾಂತಿ ಬೀಜದ ಧಾರಣೆಯನ್ನು ತಲುಪುತ್ತದೆಂಬುದನ್ನು ಬೆಳೆಗಾರರು ಗಮನಿಸತಕ್ಕದ್ದು.

5. ಕೋಟಾ ಮತ್ತು ಧಾರಣೆಯ ಸಂಬಂಧವನ್ನು ಲೆಕ್ಕಹಾಕುವ ವಿಧಾನ

ಅಧಿಸೂಚನೆಗಳು ಅರಳೆಯ ಟನ್, ಬೇಲು ಅಥವಾ ಅಕ್ಕಿಯ ಟನ್ನುಗಳಲ್ಲಿ ಇರುತ್ತವೆ. ರೈತರು ಮಾರುವುದು ಬೀಜಸಹಿತ ಹತ್ತಿ ಮತ್ತು ಭತ್ತ. ಆದುದರಿಂದ ಮನವಿಯಲ್ಲಿ ಪರಿವರ್ತನೆ ಮಾಡಿ ತೋರಿಸುವುದು ಅವಶ್ಯಕ.

ಹತ್ತಿ: ಒಂದು ಕ್ವಿಂಟಲ್ ಬೀಜಸಹಿತ ಹತ್ತಿಯಿಂದ ಸುಮಾರು 34 ಕಿಲೋಗ್ರಾಂ ಅರಳೆ ದೊರೆಯುತ್ತದೆಂದು ಇಟ್ಟುಕೊಂಡಲ್ಲಿ, 51,000 ಟನ್ ಅರಳೆಯು ಸುಮಾರು 15 ಲಕ್ಷ ಕ್ವಿಂಟಲ್ ಬೀಜಸಹಿತ ಹತ್ತಿಗೆ ಸಮ.

ಭತ್ತ: ಸರ್ಕಾರಿ ಖರೀದಿಯ ಮಾನದಂಡದಂತೆ 100 ಕಿಲೋಗ್ರಾಂ ಭತ್ತಕ್ಕೆ 67 ಕಿಲೋಗ್ರಾಂ ಬೆಳ್ತಿಗೆ ಅಕ್ಕಿ. ಹೀಗಾಗಿ 2011ರ 1.5 ಲಕ್ಷ ಟನ್ ಅಕ್ಕಿಯ ಕೋಟಾ ಸುಮಾರು 2.24 ಲಕ್ಷ ಟನ್ ಭತ್ತಕ್ಕೆ ಸಮ.

ಸುಂಕದ ಪರಿಣಾಮ: ಲೆಕ್ಕದ ಅನುಕೂಲಕ್ಕಾಗಿ 356 ಕಿಲೋಗ್ರಾಂನ ಒಂದು ಕ್ಯಾಂಡಿ ಆಮದು ಹತ್ತಿಯ ಬೆಲೆ 50,000 ರೂಪಾಯಿ ಎಂದು ಭಾವಿಸೋಣ. ಶೇ 11ರ ಸುಂಕವು 5,500 ರೂಪಾಯಿ ಆಗುತ್ತದೆ. ಒಂದು ಕ್ವಿಂಟಲ್ ಬೀಜಸಹಿತ ಹತ್ತಿಯಲ್ಲಿರುವ 34 ಕಿಲೋಗ್ರಾಂ ಅರಳೆಯ ಮಟ್ಟಿಗೆ ಇದು ಸುಮಾರು 525 ರೂಪಾಯಿ. ಇದು ಗರಿಷ್ಠ ಅಂದಾಜು ಮಾತ್ರ. ಸುಂಕ ತೆಗೆದಾಗ ಈ ಮೊತ್ತವು ಪೂರ್ಣವಾಗಿ ಸ್ಥಳೀಯ ಧಾರಣೆಯಲ್ಲಿ ಇಳಿಯುತ್ತದೆಂದು ಅರ್ಥವಲ್ಲ. ಎಳೆಯ ಉದ್ದ, ಸಾಗಣೆ ವೆಚ್ಚ, ಡಾಲರ್ ದರ ಮತ್ತು ಬೆಂಬಲ ಬೆಲೆಯ ಖರೀದಿ ನಡೆಯುತ್ತಿದೆಯೇ ಎಂಬುದರ ಮೇಲೆ ಅದು ಅವಲಂಬಿಸಿರುತ್ತದೆ.

ಇದೇ ಲೆಕ್ಕವು ನೂಲಿನ ಗಿರಣಿಗಳಿಗೆ ವಿರುದ್ಧ ದಿಕ್ಕಿನಲ್ಲಿ ಅನ್ವಯಿಸುತ್ತದೆ. ಕಚ್ಚಾ ಸಾಮಗ್ರಿ ಅಗ್ಗವಾದಲ್ಲಿ ಗಿರಣಿಗಳಿಗೂ ಅಲ್ಲಿನ ಕಾರ್ಮಿಕರಿಗೂ ಅನುಕೂಲ. ಅಂತೆಯೇ ಅಕ್ಕಿಯ ರಫ್ತು ನಿಷೇಧವು ಕೊಂಡು ಉಣ್ಣುವ ಕುಟುಂಬಗಳಿಗೆ ಬೆಲೆ ಏರಿಕೆಯಿಂದ ರಕ್ಷಣೆ ನೀಡುವ ಉದ್ದೇಶದಿಂದ ಕೂಡಿರುತ್ತದೆ. ಸರ್ಕಾರವು ಈ ಎಲ್ಲ ಪಕ್ಷಗಳನ್ನು ತೂಗಿ ನೋಡಬೇಕಾಗುತ್ತದೆ. ಒಂದು ಪಕ್ಷದಿಂದ ಮಾತ್ರ ಅಂಕಿ-ಅಂಶಗಳು ಬಂದಲ್ಲಿ ತೂಕವು ಆ ಕಡೆಗೇ ವಾಲುವುದು ಸಹಜ.

6. ಅಭಿಪ್ರಾಯ ಸಲ್ಲಿಸಲು ಇರುವ ಕಾನೂನಿನ ಆಧಾರಗಳು

ಅ) ವಿದೇಶ ವ್ಯಾಪಾರ ನೀತಿ 2023ಕ್ಕೆ 2025ರ ಜನವರಿ 2ರಂದು 1.07ಎ ಮತ್ತು 1.07ಬಿ ಕಂಡಿಕೆಗಳನ್ನು ಸೇರಿಸಲಾಯಿತು. ನೀತಿಯನ್ನು ರೂಪಿಸುವಾಗ ಅಥವಾ ತಿದ್ದುವಾಗ ಆಮದುದಾರರು, ರಫ್ತುದಾರರು, ತಜ್ಞರು ಮೊದಲಾದ ಸಂಬಂಧಪಟ್ಟವರ ಅಭಿಪ್ರಾಯ ಪಡೆಯಲು ಹಾಗೂ ಅಭಿಪ್ರಾಯವನ್ನು ಒಪ್ಪದಿದ್ದಲ್ಲಿ ಕಾರಣ ತಿಳಿಸಲು ಇವು ಅವಕಾಶ ಕಲ್ಪಿಸುತ್ತವೆ. ಆದರೆ ವಿಶೇಷ ಸಂದರ್ಭಗಳಲ್ಲಿ ಸ್ವಯಂಪ್ರೇರಿತವಾಗಿ ನಿರ್ಧಾರ ಕೈಗೊಳ್ಳುವ ಅಧಿಕಾರವನ್ನು ಸರ್ಕಾರವು ಉಳಿಸಿಕೊಂಡಿದೆ. ಹಣಕಾಸು ಸಚಿವಾಲಯವು ಕಸ್ಟಮ್ಸ್ ಅಧಿನಿಯಮದಡಿ ನೀಡುವ ಸುಂಕ ವಿನಾಯಿತಿಯು ಈ ನೀತಿಯ ಭಾಗವಲ್ಲ.

ಆ) ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಸಿ) ಪ್ರಕರಣದಂತೆ ಸಾರ್ವಜನಿಕರನ್ನು ಬಾಧಿಸುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಿತ ಸಂಗತಿಗಳನ್ನು ಪ್ರಕಟಿಸುವುದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. 4(1)(ಡಿ) ಪ್ರಕರಣದಂತೆ ತನ್ನ ನಿರ್ಧಾರದಿಂದ ಬಾಧಿತರಾದವರಿಗೆ ಪ್ರಾಧಿಕಾರವು ಕಾರಣಗಳನ್ನು ತಿಳಿಸಬೇಕು.

ಇ) ಶಾಸನ ಪೂರ್ವ ಸಮಾಲೋಚನಾ ನೀತಿ, 2014ರಂತೆ ಕೇಂದ್ರದ ಕರಡು ಶಾಸನಗಳನ್ನು ಕನಿಷ್ಠ 30 ದಿನಗಳ ಕಾಲ ಸಾರ್ವಜನಿಕರ ಅವಗಾಹನೆಗೆ ಇಡತಕ್ಕದ್ದು.

ಈ) ವಿದೇಶ ವ್ಯಾಪಾರ ಅಧಿನಿಯಮದ 9ಎ ಪ್ರಕರಣದಡಿ, ಆಮದಿನ ಏರಿಕೆಯಿಂದ ದೇಶೀಯ ಉದ್ಯಮಕ್ಕೆ ಗಂಭೀರ ಹಾನಿಯಾದಲ್ಲಿ ಪ್ರಮಾಣ ನಿರ್ಬಂಧ ವಿಧಿಸಬಹುದು. ಇದರ ತನಿಖೆಯಲ್ಲಿ ಸಾರ್ವಜನಿಕ ಸೂಚನೆ ಹೊರಡಿಸಿ ಆಸಕ್ತ ಪಕ್ಷಗಳ ಸಾಕ್ಷ್ಯವನ್ನು ಪಡೆಯಲಾಗುತ್ತದೆ.

ಉ) ಸಂವಿಧಾನದ 350ನೇ ಅನುಚ್ಛೇದದಂತೆ ಯಾವುದೇ ವ್ಯಕ್ತಿಯು ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರ ಅಥವಾ ರಾಜ್ಯದ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಆದುದರಿಂದ ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ನಿರಾಕರಿಸುವಂತಿಲ್ಲ. ಶೀಘ್ರ ಪರಿಶೀಲನೆಗಾಗಿ ಒಂದು ಪುಟದ ಇಂಗ್ಲಿಷ್ ಅಥವಾ ಹಿಂದಿ ಸಾರಾಂಶವನ್ನು ಲಗತ್ತಿಸುವುದು ಒಳಿತು.

7. ಮನವಿ ಸಲ್ಲಿಸುವ ಕಾಲ

ಕೋಟಾ ನಿರ್ಧಾರಕ್ಕೆ ಮೂರು ಹಂತಗಳಿವೆ. ಪ್ರತಿ ಹಂತದಲ್ಲಿಯೂ ಅಭಿಪ್ರಾಯಕ್ಕೆ ದೊರೆಯುವ ಅವಕಾಶ ಬೇರೆಯಾಗಿರುತ್ತದೆ.

ಮೊದಲನೆಯದು ಒಪ್ಪಂದದ ಮಾತುಕತೆಯ ಹಂತ. ಇಲ್ಲಿ ಒಪ್ಪಿಕೊಂಡ ಪ್ರಮಾಣವನ್ನು ನಂತರ ಏಕಪಕ್ಷೀಯವಾಗಿ ಕಡಿತಗೊಳಿಸುವುದು ಕಷ್ಟಸಾಧ್ಯ. ಆಸ್ಟ್ರೇಲಿಯಾ ಹತ್ತಿಯ 51,000 ಟನ್ ಇದಕ್ಕೆ ಉದಾಹರಣೆ. ಯಾವುದೇ ದೇಶದೊಡನೆ ಮಾತುಕತೆ ಆರಂಭವಾಗಿದೆ ಎಂಬ ಪ್ರಕಟಣೆ ಹೊರಟಾಗಲೇ ಮನವಿ ಸಲ್ಲಿಸತಕ್ಕದ್ದು.

ಎರಡನೆಯದು ವಾರ್ಷಿಕ ಹಂಚಿಕೆಯ ಹಂತ. ಕೋಟಾವನ್ನು ಯಾರಿಗೆ, ಯಾವ ತಿಂಗಳುಗಳಿಗೆ ಹಂಚಬೇಕೆಂಬುದು ಇಲ್ಲಿ ತೀರ್ಮಾನವಾಗುತ್ತದೆ. ಪ್ರಮಾಣವು ಒಪ್ಪಂದದಲ್ಲಿ ಸ್ಥಿರವಾಗಿದ್ದರೂ ಆಮದು ಬರುವ ಕಾಲದ ಬಗ್ಗೆ ಸಲಹೆ ನೀಡಬಹುದು.

ಮೂರನೆಯದು ತುರ್ತು ನಿಷೇಧ ಅಥವಾ ವಿನಾಯಿತಿಯ ಹಂತ. 2023ರ ಅಕ್ಕಿ ನಿಷೇಧ ಹೊರಟ ದಿನವೇ ಜಾರಿಗೆ ಬಂದಿತು. 2025ರ ಹತ್ತಿ ಸುಂಕ ವಿನಾಯಿತಿಯು ಆದೇಶದ ಮರುದಿನದಿಂದ ಜಾರಿಗೆ ಬಂದಿತು. ಇಂತಹ ಆದೇಶಗಳಿಗೆ ಪೂರ್ವಭಾವಿ ಸೂಚನೆ ಇರುವುದಿಲ್ಲ. ಆದುದರಿಂದ ಬಿತ್ತನೆಗೆ ಮುನ್ನ, ಅಂದರೆ ಮೇ-ಜೂನ್ ತಿಂಗಳುಗಳಲ್ಲಿಯೇ, ಬರುವ ಹಂಗಾಮಿನ ನಿರೀಕ್ಷಿತ ವಿಸ್ತೀರ್ಣ ಮತ್ತು ಬಿಡಿಸುವ ತಿಂಗಳುಗಳನ್ನು ತಿಳಿಸಿ ಮನವಿಯನ್ನು ದಾಖಲೆಯಲ್ಲಿ ಇರಿಸುವುದು ಅತ್ಯವಶ್ಯಕ. ಆದೇಶ ಹೊರಟ ನಂತರ ಸಲ್ಲಿಸುವ ಮನವಿಯಲ್ಲಿ ರದ್ದತಿಯನ್ನಷ್ಟೇ ಕೋರದೆ ಅವಧಿ, ಪ್ರಮಾಣ, ತಳಿ ಮತ್ತು ದಾರಿಯಲ್ಲಿರುವ ಸರಕಿನ ಬಗ್ಗೆ ನಿರ್ದಿಷ್ಟ ಮಾರ್ಪಾಡುಗಳನ್ನು ಕೋರತಕ್ಕದ್ದು.

8. ಅನುಸರಿಸಬಹುದಾದ ನಿದರ್ಶನ: ಬೆಂಗಳೂರು ಗುಲಾಬಿ ಈರುಳ್ಳಿ

2019ರ ಸೆಪ್ಟೆಂಬರ್‌ನಲ್ಲಿ ಎಲ್ಲ ಬಗೆಯ ಈರುಳ್ಳಿಯ ರಫ್ತನ್ನು ನಿಷೇಧಿಸಿದಾಗ, ಬೆಂಗಳೂರು ಗುಲಾಬಿ ಈರುಳ್ಳಿಯ 9,000 ಟನ್ ರಫ್ತಿಗೆ ಅಕ್ಟೋಬರ್ ಅಂತ್ಯದಲ್ಲಿ ಅನುಮತಿ ದೊರೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಪುನಃ ನಿಷೇಧವಾದಾಗ, ಅಕ್ಟೋಬರ್ 9ರಂದು ಇದೇ ತಳಿಗೆ 10,000 ಟನ್ ಕೋಟಾ ನೀಡಲಾಯಿತು. ಚೆನ್ನೈ ಬಂದರಿನ ಮೂಲಕವೇ ಕಳುಹಿಸಬೇಕು ಹಾಗೂ ತಳಿ ಮತ್ತು ಪ್ರಮಾಣದ ಬಗ್ಗೆ ಕರ್ನಾಟಕದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರವಿರಬೇಕು ಎಂಬ ಷರತ್ತುಗಳಿದ್ದವು.

ಈ ಈರುಳ್ಳಿಗೆ ದೇಶದೊಳಗೆ ಬೇಡಿಕೆ ಅತ್ಯಲ್ಪ. ಸಿಂಗಪುರ, ಮಲೇಷಿಯಾ ಮೊದಲಾದೆಡೆಗೆ ರಫ್ತಾಗುವುದೇ ಹೆಚ್ಚು. ಇದಕ್ಕೆ 2015ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿತ್ತು. ಹೀಗಾಗಿ ಇದರ ರಫ್ತಿನಿಂದ ದೇಶದ ಗ್ರಾಹಕರಿಗೆ ತೊಂದರೆಯಾಗದೆಂದು ತೋರಿಸುವುದು ಸಾಧ್ಯವಾಯಿತು. ತಳಿಯ ಹೆಸರು, ಬೆಳೆಯುವ ಪ್ರದೇಶ, ಪ್ರಮಾಣ, ಬಂದರು ಮತ್ತು ದೃಢೀಕರಿಸುವ ಅಧಿಕಾರಿ ಎಂಬ ಐದು ಅಂಶಗಳು ಸ್ಪಷ್ಟವಾಗಿದ್ದಲ್ಲಿ ವಿನಾಯಿತಿ ನೀಡುವುದು ಸರ್ಕಾರಕ್ಕೂ ಸುಲಭವಾಗುತ್ತದೆ. ಸೋನಾ ಮಸೂರಿಗಾಗಿ ಮನವಿ ಸಲ್ಲಿಸುವವರು ಈ ನಿದರ್ಶನವನ್ನು ಗಮನಿಸಬಹುದು. ಆದರೆ ಸೋನಾ ಮಸೂರಿಯು ಕರ್ನಾಟಕದ ಮನೆಮನೆಗಳಲ್ಲಿ ಬಳಕೆಯಲ್ಲಿರುವುದರಿಂದ, ರಫ್ತಿನ ನಂತರವೂ ಸ್ಥಳೀಯ ಲಭ್ಯತೆ ಹೇಗೆ ಉಳಿಯುತ್ತದೆಂಬುದನ್ನು ಹೆಚ್ಚುವರಿಯಾಗಿ ವಿವರಿಸಬೇಕಾಗುತ್ತದೆ.

9. ಮನವಿಯಲ್ಲಿ ಇರಬೇಕಾದ ವಿವರಗಳು

1) ಮನವಿದಾರರ ಹೆಸರು, ವಿಳಾಸ ಮತ್ತು ಸ್ವರೂಪ (ರೈತ, ರೈತ ಉತ್ಪಾದಕ ಸಂಸ್ಥೆ, ಸಹಕಾರ ಸಂಘ, ಗಿರಣಿ, ವರ್ತಕ, ಗ್ರಾಹಕ).
2) ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ. ಅಧಿಸೂಚನೆ ಹೊರಡದಿದ್ದಲ್ಲಿ ಒಪ್ಪಂದದ ಅಥವಾ ಸರಕಿನ ಹೆಸರು.
3) ಸರಕಿನ ಸಂಕೇತ: ಅಕ್ಕಿಗೆ 1006, ಹತ್ತಿಗೆ 5201, ತೊಗರಿಗೆ 0713 60, ಸೂರ್ಯಕಾಂತಿ ಎಣ್ಣೆಗೆ 1512 ಎಂದು ಆರಂಭವಾಗುವ ಸಂಕೇತಗಳು. ಪೂರ್ಣ 8 ಅಂಕಿಗಳನ್ನು ಅಧಿಸೂಚನೆಯಿಂದ ನಕಲಿಸತಕ್ಕದ್ದು.
4) ತಾಲ್ಲೂಕುವಾರು ವಿಸ್ತೀರ್ಣ ಮತ್ತು ಇಳುವರಿ. ಇವುಗಳನ್ನು ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ಇಲಾಖೆಯ ಕಚೇರಿಯಿಂದ ಪಡೆಯಬಹುದು.
5) ಆದೇಶದ ಹಿಂದಿನ ಮತ್ತು ನಂತರದ ವಾರಗಳ ಆವಕ ಮತ್ತು ಧಾರಣೆ. ಮಾರುಕಟ್ಟೆ ಸಮಿತಿಯ ದೈನಿಕ ವರದಿ ಇದಕ್ಕೆ ಆಧಾರ.
6) ಮಾರಾಟದ ರಸೀದಿಗಳ ನಕಲು. ಹತ್ತು ರೈತರ ರಸೀದಿಗಳು ನೂರು ಸಹಿಗಳಿಗಿಂತ ಹೆಚ್ಚು ಉಪಯುಕ್ತ.
7) ನಿರ್ದಿಷ್ಟ ಕೋರಿಕೆ.

ಕೋರಿಕೆಯ ಮಾದರಿ: “ಮೇಲ್ಕಂಡ ಸುಂಕ ವಿನಾಯಿತಿಯ ಅವಧಿಯು ಹೊಸ ಹತ್ತಿಯ ಆವಕದ ತಿಂಗಳುಗಳೊಂದಿಗೆ ಕೂಡಿಬರುತ್ತದೆ. ದೇವದುರ್ಗ ತಾಲ್ಲೂಕಿನಲ್ಲಿ ____ ಹೆಕ್ಟೇರ್ ಪ್ರದೇಶದಲ್ಲಿ ಹತ್ತಿ ಬೆಳೆಯಲಾಗಿದ್ದು, ಬಿಡಿಸುವ ಕಾರ್ಯ ____ ತಿಂಗಳಿನಿಂದ ____ ತಿಂಗಳವರೆಗೆ ನಡೆಯುತ್ತದೆ. ಆದುದರಿಂದ ವಿನಾಯಿತಿಯನ್ನು ____ ದಿನಾಂಕಕ್ಕೆ ಮುಕ್ತಾಯಗೊಳಿಸಬೇಕೆಂದು, ಅದು ಸಾಧ್ಯವಿಲ್ಲದಿದ್ದಲ್ಲಿ ____ ಮಿಲಿಮೀಟರ್‌ಗಿಂತ ಉದ್ದ ಎಳೆಯ ಹತ್ತಿಗೆ ಮಾತ್ರ ಸೀಮಿತಗೊಳಿಸಬೇಕೆಂದು ಕೋರುತ್ತೇವೆ.”

10. ಕೋಟಾ ಹಂಚಿಕೆಗೆ ಅರ್ಜಿ ಸಲ್ಲಿಸುವವರಿಗೆ

ಅಭಿಪ್ರಾಯ ಸಲ್ಲಿಕೆ ಮತ್ತು ಕೋಟಾಕ್ಕೆ ಅರ್ಜಿ ಇವೆರಡೂ ಬೇರೆ ಬೇರೆ. ಕೋಟಾದಡಿ ಆಮದು ಅಥವಾ ರಫ್ತು ಮಾಡಲಿಚ್ಛಿಸುವವರು ಆಮದುದಾರ-ರಫ್ತುದಾರ ಸಂಕೇತ (ಐಇಸಿ) ಹೊಂದಿರತಕ್ಕದ್ದು. ಇದಕ್ಕೆ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ನಿಗದಿತ ಶುಲ್ಕ 500 ರೂಪಾಯಿ. ಪ್ಯಾನ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ವಿವರ ಅಗತ್ಯ. ಸಂಕೇತದ ವಿವರಗಳನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ದೃಢೀಕರಿಸದಿದ್ದಲ್ಲಿ ಸಂಕೇತವು ನಿಷ್ಕ್ರಿಯವಾಗುತ್ತದೆ.

ಸುಂಕ ರಿಯಾಯಿತಿ ಕೋಟಾದ ಅರ್ಜಿಗಳನ್ನು ಆಯಾ ಸಾರ್ವಜನಿಕ ಸೂಚನೆಯಲ್ಲಿ ನಮೂದಿಸಿದ ದಿನಾಂಕದೊಳಗೆ ಸಲ್ಲಿಸತಕ್ಕದ್ದು. ಮಹಾನಿರ್ದೇಶನಾಲಯದ ಎಕ್ಸಿಮ್ ಸೌಲಭ್ಯ ಸಮಿತಿಯು ಅರ್ಜಿಗಳನ್ನು ಪರಿಶೀಲಿಸಿ ಹಂಚಿಕೆ ಮಾಡುತ್ತದೆ. ಕೆಲವು ಕೋಟಾಗಳಿಗೆ ನಿರ್ದಿಷ್ಟ ಸಂಸ್ಥೆಗಳು ಮಾತ್ರ ಅರ್ಹವಾಗಿರುತ್ತವೆ. ಹಂಚಿಕೆಯಾದ ಪ್ರಮಾಣವನ್ನು ನಿಗದಿತ ಅವಧಿಯಲ್ಲಿ ಬಳಸತಕ್ಕದ್ದು. ಕೋಟಾ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬಾರದೆಂದು ಎಚ್ಚರಿಸಲಾಗಿದೆ.

ರಫ್ತು ವಿಷಯದಲ್ಲಿ ಮಾರ್ಗದರ್ಶನಕ್ಕಾಗಿ ರಾಯಚೂರಿನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನೂ, ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರವನ್ನೂ ಸಂಪರ್ಕಿಸಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ಅಭಿಪ್ರಾಯ ಸಲ್ಲಿಸಲು ಶುಲ್ಕವಿದೆಯೇ? ಐಇಸಿ ಬೇಕೇ?
ಉ: ಮನವಿಗೆ ಶುಲ್ಕವಿಲ್ಲ. ಐಇಸಿ ಬೇಕಾಗಿರುವುದು ಆಮದು ಅಥವಾ ರಫ್ತು ಮಾಡುವವರಿಗೆ ಮಾತ್ರ.

ಪ್ರ: ಗೇಣಿಗೆ ಜಮೀನು ಮಾಡುವವರು ಮನವಿ ಸಲ್ಲಿಸಬಹುದೇ?
ಉ: ಸಲ್ಲಿಸಬಹುದು. ಪಹಣಿ ಕಡ್ಡಾಯವಲ್ಲ. ಮಾರಾಟದ ರಸೀದಿ ಇದ್ದಲ್ಲಿ ಲಗತ್ತಿಸುವುದು.

ಪ್ರ: ಮನವಿಯನ್ನು ಜಿಲ್ಲಾಧಿಕಾರಿಗಳಿಗೆ ಅಥವಾ ತಹಶೀಲ್ದಾರರಿಗೆ ನೀಡಿದರೆ ಸಾಕೇ?
ಉ: ಸಾಲದು. ಅವರು ಮನವಿಯನ್ನು ಸರ್ಕಾರಕ್ಕೆ ರವಾನಿಸಬಹುದು. ನಿರ್ಧರಿಸುವ ಅಧಿಕಾರ ಅವರಿಗಿಲ್ಲ. ಮೂಲ ಪ್ರತಿಯನ್ನು ಕೇಂದ್ರದ ಪ್ರಾಧಿಕಾರಕ್ಕೆ ಕಳುಹಿಸಿ, ಪ್ರತಿಗಳನ್ನು ಜಿಲ್ಲಾಧಿಕಾರಿಗಳು, ರಾಜ್ಯ ಕೃಷಿ ಇಲಾಖೆ ಹಾಗೂ ಕರ್ನಾಟಕ ಕೃಷಿ ಬೆಲೆ ಆಯೋಗಕ್ಕೆ ನೀಡುವುದು.

ಪ್ರ: ಉತ್ತರ ಬಾರದಿದ್ದಲ್ಲಿ ಏನು ಮಾಡಬೇಕು?
ಉ: ಸ್ವೀಕೃತಿಯ ದಿನಾಂಕವನ್ನು ಉಲ್ಲೇಖಿಸಿ ಜ್ಞಾಪನ ಪತ್ರ ಕಳುಹಿಸುವುದು. ನಂತರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ, ಮನವಿಯ ಮೇಲೆ ಕೈಗೊಂಡ ಕ್ರಮದ ವಿವರ ಕೇಳಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳಲ್ಲಿ ಮಾಹಿತಿ ನೀಡತಕ್ಕದ್ದು. ವಿದೇಶಗಳೊಡನೆ ನಡೆಯುತ್ತಿರುವ ಮಾತುಕತೆಯ ಕಡತಗಳಿಗೆ 8(1)(ಎ) ಪ್ರಕರಣದ ವಿನಾಯಿತಿ ಅನ್ವಯಿಸಬಹುದು.

ಪ್ರ: ಆದೇಶ ಹೊರಟಾಗ ನಮ್ಮ ಅಕ್ಕಿ ಬಂದರಿನ ದಾರಿಯಲ್ಲಿದ್ದರೆ?
ಉ: ನಿಷೇಧದ ಅಧಿಸೂಚನೆಗಳಲ್ಲಿ ಪರಿವರ್ತನಾ ಅವಕಾಶ ಇದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. 2023ರ ಅಕ್ಕಿ ನಿಷೇಧದಲ್ಲಿ, ಆದೇಶಕ್ಕೆ ಮುನ್ನ ಹಡಗಿಗೆ ತುಂಬುವ ಕಾರ್ಯ ಆರಂಭವಾಗಿದ್ದ ಸರಕಿಗೆ ಅವಕಾಶವಿತ್ತು. ಶಿಪ್ಪಿಂಗ್ ಬಿಲ್, ಬಂದರಿನ ಪ್ರವೇಶ ದಾಖಲೆ ಮತ್ತು ಸಾಗಣೆ ರಸೀದಿಗಳನ್ನು ದಿನಾಂಕ ಮತ್ತು ವೇಳೆ ಸಹಿತ ಇಟ್ಟುಕೊಳ್ಳುವುದು ಅವಶ್ಯಕ.

12. ಸಾರ್ವಜನಿಕರ ಗಮನಕ್ಕೆ

ಕೋಟಾ ಮತ್ತು ಸುಂಕದ ಆದೇಶಗಳು ಆಗಾಗ್ಗೆ ಬದಲಾಗುತ್ತವೆ. ಅರ್ಜಿ ಅಥವಾ ಮನವಿ ಸಲ್ಲಿಸುವ ಮೊದಲು ಮಹಾನಿರ್ದೇಶನಾಲಯ ಮತ್ತು ಕೇಂದ್ರ ಪರೋಕ್ಷ ತೆರಿಗೆ ಹಾಗೂ ಕಸ್ಟಮ್ಸ್ ಮಂಡಳಿಯ ಜಾಲತಾಣಗಳಲ್ಲಿ ಇತ್ತೀಚಿನ ಅಧಿಸೂಚನೆಯನ್ನು ಪರಿಶೀಲಿಸತಕ್ಕದ್ದು. ಮನವಿಯನ್ನು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಅಥವಾ ಇ-ಮೇಲ್ ಮೂಲಕ ಕಳುಹಿಸಿ, ಒಂದು ಪ್ರತಿಯನ್ನು ದಿನಾಂಕದೊಂದಿಗೆ ತಮ್ಮಲ್ಲಿ ಇಟ್ಟುಕೊಳ್ಳಬೇಕೆಂದು ಕೋರಲಾಗಿದೆ. ಮಾರುಕಟ್ಟೆಯ ರಸೀದಿಗಳನ್ನು ಹಂಗಾಮು ಮುಗಿದ ನಂತರವೂ ಕನಿಷ್ಠ ಎರಡು ವರ್ಷ ಜೋಪಾನವಾಗಿ ಇಟ್ಟುಕೊಂಡಲ್ಲಿ, ಮುಂದಿನ ಆದೇಶದ ಸಂದರ್ಭದಲ್ಲಿ ಹಿಂದಿನ ವರ್ಷಗಳ ಧಾರಣೆಯೊಂದಿಗೆ ಹೋಲಿಸಿ ತೋರಿಸಲು ಅನುಕೂಲವಾಗುತ್ತದೆ.